ರಾತ್ರಿ ಎರಡು ಗಂಟೆಗೆ ತೀರ್ಮಾನ ಯಾರದು? ವಿದೇಶಕ್ಕೆ ಮಕ್ಕಳನ್ನು ಕಳಿಸುವ ಕಚೇರಿಯ ಸಿಬ್ಬಂದಿಗೆ ತರಬೇತಿ

ಪ್ರಶ್ನೆ: ನಾನು ಬೆಂಗಳೂರಿನ ಒಂದು ಖಾಸಗಿ ವಿಶ್ವವಿದ್ಯಾಲಯದ ಅಂತಾರಾಷ್ಟ್ರೀಯ ವ್ಯವಹಾರಗಳ ಕಚೇರಿಯಲ್ಲಿ ಸಂಯೋಜಕಿ. ಮೊದಲು ಇಂಗ್ಲಿಷ್ ಪಾಠ ಮಾಡುತ್ತಿದ್ದೆ. ಪ್ರತಿ ಸೆಮಿಸ್ಟರ್ ಜರ್ಮನಿ, ಫ್ರಾನ್ಸ್, ಮಲೇಷ್ಯಾಕ್ಕೆ ನಮ್ಮ ಮಕ್ಕಳು ಹೋಗುತ್ತಾರೆ, ಅಲ್ಲಿನವರು ಇಲ್ಲಿಗೆ ಬರುತ್ತಾರೆ. ಮುಂದಿನ ವರ್ಷದಿಂದ ಕಚೇರಿಯ ಹೊಣೆ ಪೂರ್ತಿ ನನ್ನದು. 'ಲೀಡರ್‌ಶಿಪ್, ರಿಸ್ಕ್ ಮ್ಯಾನೇಜ್‌ಮೆಂಟ್ ಕೋರ್ಸ್ ಮಾಡಿ, ಖರ್ಚು ಕೊಡುತ್ತೇವೆ' ಎಂದು ನಿರ್ದೇಶಕರು ಹೇಳಿದ್ದಾರೆ. ಯಾವ ಕೋರ್ಸ್ ಮಾಡಲಿ? ನನ್ನ ಜೊತೆ ಇರುವ ಇಬ್ಬರು ಕಿರಿಯರಿಗೆ ಏನು ಕಲಿಸಲಿ? ನಿಜ ಹೇಳಬೇಕೆಂದರೆ ರಾತ್ರಿ ಫೋನ್ ಬಂದರೆ ಎದೆ ಝಲ್ಲೆನ್ನುತ್ತದೆ.

ಉತ್ತರ:

ಮೇಡಂ, ಕೋರ್ಸ್ ಹುಡುಕುವುದನ್ನು ಒಂದು ತಿಂಗಳು ಮುಂದಕ್ಕೆ ಹಾಕಿ. ಮೊದಲು ನಿಮ್ಮ ನಿರ್ದೇಶಕರಿಂದ ಒಂದು ಪುಟದ ಆದೇಶ ಬರೆಸಿಕೊಳ್ಳಿ.

ಕಚೇರಿ ಬಾಗಿಲು ಹಾಕಿದ ಮೇಲೆ ತುರ್ತು ಪರಿಸ್ಥಿತಿ ಬಂದರೆ ತೀರ್ಮಾನ ಯಾರದು, ಅವರು ಸಿಗದಿದ್ದರೆ ಯಾರದು, ಯಾರನ್ನೂ ಕೇಳದೆ ಎಷ್ಟು ರೂಪಾಯಿವರೆಗೆ ಖರ್ಚು ಮಾಡಬಹುದು, ಸೆಮಿಸ್ಟರ್ ಅರ್ಧಕ್ಕೆ ನಿಲ್ಲಿಸಿ ಮಕ್ಕಳನ್ನು ವಾಪಸ್ ಕರೆಸುವ ಅಧಿಕಾರ ಯಾರಿಗೆ, ಅಪ್ಪ ಅಮ್ಮನ ಜೊತೆ ಯಾರು ಮಾತಾಡಬೇಕು, ಟಿವಿಯವರು ಬಂದರೆ ಯಾರು ಮಾತಾಡಬೇಕು. ಇಷ್ಟು ಆ ಪುಟದಲ್ಲಿ ಇರಲಿ. ಸಹಿ, ಮೊಹರು, ದಿನಾಂಕ ಬೀಳಲಿ. ಈ ಪುಟ ಕೈಯಲ್ಲಿ ಇಲ್ಲದಿದ್ದರೆ ಎಂಥ ಸರ್ಟಿಫಿಕೇಟ್ ಇದ್ದರೂ ರಾತ್ರಿ ಎರಡು ಗಂಟೆಗೆ ನೀವು ಮಾಡುವುದು ಒಂದೇ ಕೆಲಸ: ಮೇಲಿನವರು ಫೋನ್ ಎತ್ತುತ್ತಾರಾ ಎಂದು ಕಾಯುತ್ತಾ ಕೂರುವುದು. ನಿಮ್ಮ ಎದೆ ಝಲ್ಲೆನ್ನುವುದಕ್ಕೆ ನನಗೆ ಕಾಣುವ ಕಾರಣವೂ ಇದೇ. ಹೊಣೆ ನಿಮ್ಮ ಮೇಲಿದೆ, ಅಧಿಕಾರ ಬೇರೆಯವರ ಹತ್ತಿರ ಇದೆ.

ಇದನ್ನು ಇಷ್ಟು ಒತ್ತಿ ಯಾಕೆ ಹೇಳುತ್ತೇನೆ ಅಂದರೆ, 2022ರ ಫೆಬ್ರವರಿ ನೆನಪಿಸಿಕೊಳ್ಳಿ. ಕೀವ್‌ನಲ್ಲಿದ್ದ ನಮ್ಮ ರಾಯಭಾರ ಕಚೇರಿ 15ನೇ ತಾರೀಖು ಒಂದು ಸೂಚನೆ ಹೊರಡಿಸಿತು. ಇಲ್ಲಿ ಇರಲೇಬೇಕೆಂದಿಲ್ಲದವರು, ಅದರಲ್ಲೂ ವಿದ್ಯಾರ್ಥಿಗಳು, ಸದ್ಯಕ್ಕೆ ಉಕ್ರೇನ್ ಬಿಡುವ ಬಗ್ಗೆ ಯೋಚಿಸಿ ಎಂದಿತು. 20ಕ್ಕೆ ಇನ್ನೊಂದು ಸೂಚನೆ ಬಂತು. 22ರ ಸೂಚನೆಯನ್ನು ನಿಮ್ಮಂಥ ಕಚೇರಿಯಲ್ಲಿರುವ ಪ್ರತಿಯೊಬ್ಬರೂ ಓದಬೇಕು. ಆನ್‌ಲೈನ್ ತರಗತಿ ಇದೆಯಾ ಎಂದು ಕೇಳಿ ತುಂಬಾ ಕರೆಗಳು ಬರುತ್ತಿವೆ, ವಿಶ್ವವಿದ್ಯಾಲಯಗಳ ಅಧಿಕೃತ ಉತ್ತರಕ್ಕೆ ಕಾಯಬೇಡಿ, ಹೊರಡಿ ಎಂಬುದು ಅದರ ಸಾರ. 24ರ ಬೆಳಗಿನ ಜಾವ ರಷ್ಯಾದ ದಾಳಿ ಶುರುವಾಯಿತು, ವಿಮಾನ ನಿಂತವು. ಮಾರ್ಚ್ 1ರಂದು ಖಾರ್ಕಿವ್‌ನಲ್ಲಿ ದಿನಸಿ ತರಲು ಹೊರಗೆ ಹೋಗಿದ್ದ ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿ ದಾಳಿಗೆ ಸಿಕ್ಕಿ ತೀರಿಕೊಂಡ. ಮರುದಿನ ಅದೇ ಊರಲ್ಲಿ ಉಳಿದಿದ್ದ ಮಕ್ಕಳಿಗೆ, ವಾಹನ ಸಿಗದಿದ್ದರೆ ನಡೆದಾದರೂ ಊರು ಬಿಡಿ ಎಂದು ಹೇಳಬೇಕಾದ ಸ್ಥಿತಿ ಬಂತು.

15ರಿಂದ 24ರವರೆಗೆ ಒಂಬತ್ತು ದಿನ ಇತ್ತು. ಟಿಕೆಟ್ ದುಬಾರಿ ಆಗಿತ್ತು, ನಿಜ. ಆದರೆ ಬಹಳ ಮಕ್ಕಳನ್ನು ಹಿಡಿದಿಟ್ಟಿದ್ದು ಹಾಜರಿಯ ಭಯ. 'ಹೊರಡಿ, ಹಾಜರಿ ನಾವು ನೋಡಿಕೊಳ್ಳುತ್ತೇವೆ' ಎಂದು ಯಾರಾದರೂ ಹೇಳಬೇಕಿತ್ತು. ಹೇಳುವ ಅಧಿಕಾರ ಇದ್ದವರು ಬೇಗ ಹೇಳಲಿಲ್ಲ. ನಿಮ್ಮ ಮಕ್ಕಳು ನಿಮ್ಮಲ್ಲೇ ದಾಖಲಾದವರು, ಒಂದು ಸೆಮಿಸ್ಟರ್‌ಗೆ ಹೋದವರು, ಆದ್ದರಿಂದ ಆ ಮಾತು ಹೇಳಬೇಕಾದವರು ನೀವೇ. ಈ ಕೆಲಸದಲ್ಲಿ ಲೀಡರ್‌ಶಿಪ್ ಅಂದರೆ ನನ್ನ ಪ್ರಕಾರ ಇದು. ಪೂರ್ತಿ ಮಾಹಿತಿ ಸಿಗುವ ಮೊದಲೇ, ಬೇರೆಯವರು ಅನುಮಾನಿಸುತ್ತಿರುವಾಗಲೇ, ತೀರ್ಮಾನ ಹೇಳಿ ಅದಕ್ಕೆ ನಿಲ್ಲುವುದು. ಅದಕ್ಕೆ ಧೈರ್ಯಕ್ಕಿಂತ ಜಾಸ್ತಿ ಬೇಕಾದದ್ದು ಮೊದಲೇ ಬರೆದಿಟ್ಟ ನಿಯಮ. 'ಅನಗತ್ಯ ಪ್ರಯಾಣ ಬೇಡ' ಎಂಬ ಸೂಚನೆ ಬಂದರೆ 24 ಗಂಟೆಯೊಳಗೆ ಡೀನ್ ಜೊತೆ ಸಭೆ. 'ದೇಶ ಬಿಡಿ' ಎಂದು ಬಂದರೆ ಸಭೆ ಇಲ್ಲ, ನೇರ ಟಿಕೆಟ್. ಹೀಗೆ ಎರಡು ಸಾಲು ಬರೆದಿಟ್ಟುಕೊಂಡರೆ ಆ ಹೊತ್ತಿನಲ್ಲಿ ವಾದ ಕಡಿಮೆಯಾಗುತ್ತದೆ.

ನಿಮ್ಮಂಥವರು ನಮ್ಮಲ್ಲಿ ಬಹಳ ಜನ ಇದ್ದಾರೆ. ಯುಜಿಸಿ 2021ರಲ್ಲಿ ಉನ್ನತ ಶಿಕ್ಷಣದ ಅಂತಾರಾಷ್ಟ್ರೀಕರಣದ ಮಾರ್ಗಸೂಚಿ ಹೊರಡಿಸಿ, ವಿಶ್ವವಿದ್ಯಾಲಯಗಳು ಅಂತಾರಾಷ್ಟ್ರೀಯ ವ್ಯವಹಾರಗಳ ಕಚೇರಿ ತೆರೆಯಬೇಕು ಎಂದಿತು. ಕಚೇರಿಗಳು ಬಂದವು, ಬೋರ್ಡು ಬಂತು, ಪಾಠ ಮಾಡುತ್ತಿದ್ದವರನ್ನು ತಂದು ಕೂರಿಸಿದರು. ಒಪ್ಪಂದ ಪತ್ರ ಬರೆಯುವುದು, ಅಂಕ ವರ್ಗಾವಣೆ, ವೀಸಾ ಪತ್ರ, ಇವೆಲ್ಲ ಮಾಡ್ತಾ ಮಾಡ್ತಾ ಬರುತ್ತವೆ. ಸಾವು ನೋವಿನ ಹೊತ್ತಲ್ಲಿ ಏನು ಮಾಡಬೇಕು ಎಂಬುದು ಹಾಗೆ ಬರುವುದಿಲ್ಲ. ಅದನ್ನು ಬೇಕಂತಲೇ ಕೂತು ಕಲಿಯಬೇಕು.

ಯುದ್ಧದ ಉದಾಹರಣೆ ಕೊಟ್ಟೆ ಅಂತ ಯುದ್ಧಕ್ಕೇ ತಯಾರಿ ಮಾಡಬೇಡಿ. ವಿದೇಶದಲ್ಲಿ ಮಕ್ಕಳನ್ನು ಕಾಡುವುದು ಹೆಚ್ಚಾಗಿ ರಸ್ತೆ, ನೀರು, ಮನಸ್ಸು. 1996ರ ಮಾರ್ಚ್‌ನಲ್ಲಿ ಹಡಗಿನಲ್ಲಿ ಜಗತ್ತು ಸುತ್ತುತ್ತಾ ಓದುವ ಒಂದು ಅಮೆರಿಕನ್ ಕಾರ್ಯಕ್ರಮದ ಮಕ್ಕಳು ನಮ್ಮ ದೇಶಕ್ಕೇ ಬಂದಿದ್ದರು. ದೆಹಲಿಯಿಂದ ಆಗ್ರಾ ಕಡೆ ರಾತ್ರಿ ಹೋಗುತ್ತಿದ್ದ ಅವರ ಬಸ್ ಉರುಳಿ ನಾಲ್ವರು ವಿದ್ಯಾರ್ಥಿಗಳು ಸತ್ತರು. 2016ರ ಮಾರ್ಚ್ 20ರಂದು ಸ್ಪೇನ್‌ನಲ್ಲಿ ವಲೆನ್ಸಿಯಾದ ಹಬ್ಬ ನೋಡಿಕೊಂಡು ರಾತ್ರಿಯೇ ಹೊರಟು ಬಾರ್ಸಿಲೋನಾಕ್ಕೆ ವಾಪಸಾಗುತ್ತಿದ್ದ ಎರಾಸ್ಮಸ್ (ಯುರೋಪಿನ ವಿದ್ಯಾರ್ಥಿ ವಿನಿಮಯ ಯೋಜನೆ) ವಿದ್ಯಾರ್ಥಿಗಳ ಬಸ್ ಬೆಳಗಿನ ಜಾವ ಅಪಘಾತಕ್ಕೀಡಾಯಿತು. ಹದಿಮೂರು ಹುಡುಗಿಯರು ಹೋದರು. ಎರಡರಲ್ಲೂ ಸಾಮಾನ್ಯವಾದ ಅಂಶ ಕಾಣಿಸುತ್ತಿದೆ ಅಲ್ವಾ? ರಾತ್ರಿ ರಸ್ತೆ. ನಿಮ್ಮಲ್ಲಿಗೆ ಬರುವ ವಿದೇಶಿ ಮಕ್ಕಳನ್ನು ಹಂಪಿಗೋ ಗೋಕರ್ಣಕ್ಕೋ ಕರೆದುಕೊಂಡು ಹೋಗುತ್ತೀರಲ್ಲ, ಒಂದು ದಿನ ಉಳಿಸಲು ರಾತ್ರಿ ಬಸ್ ಹಿಡಿಯುವ ರೂಢಿ ಇದ್ದರೆ ಇವತ್ತೇ ಬಿಡಿ. ಸಂಸ್ಥೆ ಏರ್ಪಡಿಸುವ ಪ್ರಯಾಣ ಹಗಲಲ್ಲೇ ನಡೆಯಬೇಕು. ಇದರಲ್ಲಿ ರಾಜಿ ಇಲ್ಲ.

ನೀರಿನ ವಿಷಯ ನಿಮಗೆ ಹೇಳಬೇಕಾಗಿಲ್ಲ. 2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರದಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ಹೆಣ್ಣುಮಕ್ಕಳು ಸಮುದ್ರಪಾಲಾದರು. ಶಿಕ್ಷಕರು ಜೊತೆಗಿದ್ದ ಪ್ರವಾಸ ಅದು. ಜೊತೆಗೆ ದೊಡ್ಡವರು ಇದ್ದಾರೆ ಎಂಬುದೇ ಸುರಕ್ಷತೆ ಆಗುವುದಿಲ್ಲ. ಯಾರು ನೀರಿಗಿಳಿಯಬಹುದು, ಎಲ್ಲಿ, ಯಾರು ದಡದಲ್ಲಿ ನಿಂತು ಎಣಿಸುತ್ತಾರೆ ಎಂಬುದು ಬಸ್ ಹತ್ತುವ ಮೊದಲೇ ಗೊತ್ತಿರಬೇಕು.

'ಇದನ್ನೆಲ್ಲ ಯಾರು ಊಹಿಸುತ್ತಾರೆ' ಎಂಬ ಮಾತು ನಮ್ಮ ಕಚೇರಿಗಳಲ್ಲಿ ಜಾಸ್ತಿ ಕೇಳುತ್ತದೆ. ಅಮೆರಿಕದ ಕನೆಕ್ಟಿಕಟ್‌ನ ಒಂದು ಖಾಸಗಿ ಶಾಲೆ 2007ರಲ್ಲಿ ಮಕ್ಕಳನ್ನು ಚೀನಾಕ್ಕೆ ಕರೆದೊಯ್ದಿತ್ತು. ಬೆಟ್ಟ ಹತ್ತಿ ಇಳಿದ ಹದಿನೈದು ವರ್ಷದ ಹುಡುಗಿಗೆ ಉಣುಗಿನಿಂದ ಹರಡುವ ಮಿದುಳು ಜ್ವರ ತಗುಲಿತು. ಅವಳ ಮಾತೇ ಹೋಯಿತು. ಕಾಡಿನ ದಾರಿ ಹಿಡಿಯುವ ಮೊದಲು ಹುಳದ ಬಗ್ಗೆ ಎಚ್ಚರಿಸಲಿಲ್ಲ, ಔಷಧ ಹಚ್ಚಿಕೊಳ್ಳಲು ಹೇಳಲಿಲ್ಲ ಎಂದು ಜ್ಯೂರಿ 41.5 ಮಿಲಿಯನ್ ಡಾಲರ್ ಪರಿಹಾರ ಕೊಡಿಸಿತು. ಹೊರದೇಶದ ಪ್ರವಾಸದಲ್ಲೂ ಇಂಥ ಅಪಾಯದ ಬಗ್ಗೆ ಎಚ್ಚರಿಸಿ ಕಾಪಾಡುವ ಕರ್ತವ್ಯ ಶಾಲೆಗಿದೆ ಎಂದು 2017ರಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟ್ ಹೇಳಿತು. ಉಣುಗು ಅಂದರೆ ಏನು ಎಂದು ಮಲೆನಾಡಿನವರಿಗೆ ಹೇಳಬೇಕಾ? 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಹರಡುವುದೂ ಅದರಿಂದಲೇ. ನಿಮ್ಮಲ್ಲಿಗೆ ಬಂದ ಫ್ರೆಂಚ್ ಹುಡುಗಿ ಫೆಬ್ರವರಿಯಲ್ಲಿ ಸಾಗರದ ಕಡೆ ಕಾಡು ಸುತ್ತಲು ಹೊರಟರೆ ಅವಳಿಗೆ ಈ ಕಾಯಿಲೆಯ ಹೆಸರೇ ಗೊತ್ತಿರುವುದಿಲ್ಲ. ನಿಮಗೆ ಗೊತ್ತು. ಗೊತ್ತಿದ್ದದ್ದನ್ನು ಬರವಣಿಗೆಯಲ್ಲಿ ಹೇಳುವುದು, ಮೈಗೆ ಹಚ್ಚುವ ಎಣ್ಣೆ ಕೊಡುವುದು, ಹೇಳಿದ್ದಕ್ಕೆ ದಾಖಲೆ ಇಡುವುದು ನಿಮ್ಮ ಕೆಲಸ.

ಈಗ ತರಬೇತಿಗೆ ಬರೋಣ. ನನ್ನ ಅನುಭವದಲ್ಲಿ ಎಲ್ಲಕ್ಕಿಂತ ಜಾಸ್ತಿ ಕಲಿಸುವುದು ಟೇಬಲ್‌ಟಾಪ್ ಎನ್ನುವ ಅಭ್ಯಾಸ. ಮೇಜಿನ ಸುತ್ತ ಕೂತು ಮಾಡುವ ಮಾಕ್ ಡ್ರಿಲ್. ಖರ್ಚು ಚಹಾ ಬಿಸ್ಕತ್ತಿನದು ಮಾತ್ರ. ಅರ್ಧ ದಿನ ಬಿಡುವು ಮಾಡಿಕೊಂಡು ನೀವು, ಇಬ್ಬರು ಕಿರಿಯರು, ಹಾಸ್ಟೆಲ್ ವಾರ್ಡನ್, ಆಪ್ತ ಸಮಾಲೋಚಕರು, ಅಕೌಂಟ್ಸ್ ವಿಭಾಗದಿಂದ ಒಬ್ಬರು, ಸಾಧ್ಯವಾದರೆ ಕುಲಸಚಿವರ ಕಚೇರಿಯಿಂದ ಒಬ್ಬರು ಕೂರಿ. ಒಬ್ಬರು ಚೀಟಿ ಓದುತ್ತಾರೆ, ಉಳಿದವರು ಈಗ ಏನು ಮಾಡುತ್ತೇನೆ ಎಂದು ಹೇಳುತ್ತಾರೆ.

ಮೊದಲ ಚೀಟಿ: ಜನವರಿಯ ಶುಕ್ರವಾರ ರಾತ್ರಿ 10:40. ಜರ್ಮನಿಯಲ್ಲಿ ಆಗ ಸಂಜೆ 6:10. ಮ್ಯೂನಿಕ್‌ನಿಂದ ನಿಮ್ಮ ವಿದ್ಯಾರ್ಥಿಯ ರೂಮ್‌ಮೇಟ್ ಫೋನ್ ಮಾಡಿ, ಅವನು ನಿನ್ನೆ ಸಂಜೆಯಿಂದ ಬಂದಿಲ್ಲ, ಫೋನ್ ಸ್ವಿಚ್ ಆಫ್ ಎನ್ನುತ್ತಾನೆ. ಏನು ಮಾಡುತ್ತೀರಿ? ಅಲ್ಲಿನ ವಿಶ್ವವಿದ್ಯಾಲಯದ ತುರ್ತು ನಂಬರ್ ಎಲ್ಲಿದೆ? ಒಬ್ಬ ಸಿಬ್ಬಂದಿಯ ಸ್ವಂತ ಮೊಬೈಲಿನಲ್ಲಿ ಮಾತ್ರ ಇದೆ ಎಂದು ಇಲ್ಲೇ ಗೊತ್ತಾಗುತ್ತದೆ. ಇಪ್ಪತ್ತು ನಿಮಿಷದ ಮೇಲೆ ಎರಡನೇ ಚೀಟಿ: ಸೈಕಲ್ ಅಪಘಾತ ಆಗಿ ಆಸ್ಪತ್ರೆಯಲ್ಲಿದ್ದಾನೆ. ಆದರೆ ಆಸ್ಪತ್ರೆಯವರು ನಿಮಗೆ ಏನೂ ಹೇಳುವುದಿಲ್ಲ, ಏಕೆಂದರೆ ಅವನಿಗೆ ಹದಿನೆಂಟು ದಾಟಿದೆ, ಅವನ ಒಪ್ಪಿಗೆ ಪತ್ರ ಅವರ ಬಳಿ ಇಲ್ಲ. ವಿಮೆ ಇದೆ. ಪಾಲಿಸಿ ಪ್ರತಿ ಕಚೇರಿಯ ಬೀರುವಿನಲ್ಲಿ ಬೀಗದೊಳಗೆ ಇದೆ. ಎಲ್ಲರಿಗೂ ಗೊತ್ತಿರುವುದು ಪಾಲಿಸಿ ಮಾಡಿಸಿಕೊಟ್ಟ ಏಜೆಂಟನ ನಂಬರ್, ಬೇಕಾಗಿರುವುದು 24 ಗಂಟೆ ಉತ್ತರಿಸುವ ಸಹಾಯವಾಣಿಯದು. ಮೂರನೇ ಚೀಟಿ: ಸಿಂಧನೂರಿನಿಂದ ಅವನ ತಾಯಿಯ ಫೋನ್. ಸ್ನೇಹಿತರ ವಾಟ್ಸ್‌ಆ್ಯಪ್ ಗುಂಪಿನಿಂದ ಸುದ್ದಿ ನಿಮಗಿಂತ ಮೊದಲೇ ಅವರಿಗೆ ಹೋಗಿದೆ. ಅವರು ಅಳುತ್ತಿದ್ದಾರೆ. ಹಿಂದೆಯೇ ಸೋದರಮಾವ, ಆಮೇಲೆ ಊರಿನ ಮುಖಂಡರು, ಆಮೇಲೆ ಟಿವಿಯವರು. ನಾಲ್ಕನೇ ಚೀಟಿ: ತಂದೆ ಹೊರಡಬೇಕು ಎನ್ನುತ್ತಾರೆ. ಅವರಿಗೆ ಪಾಸ್‌ಪೋರ್ಟೇ ಇಲ್ಲ. ನಾಳೆ ಶನಿವಾರ.

ಈ ನಾಲ್ಕನೇ ಚೀಟಿ ಓದಿದಾಗ ಕೋಣೆ ಸುಮ್ಮನಾಗುತ್ತದೆ. ತತ್ಕಾಲ್ ಪಾಸ್‌ಪೋರ್ಟ್‌ಗೆ ಏನು ಬೇಕು, ಬೆಂಗಳೂರಿನ ಜರ್ಮನ್ ಕಾನ್ಸುಲೇಟ್‌ಗೆ ಯಾರು ಪತ್ರ ಬರೆಯಬೇಕು, ಮ್ಯೂನಿಕ್‌ನಲ್ಲಿರುವ ನಮ್ಮ ಕಾನ್ಸುಲೇಟ್‌ನ ತುರ್ತು ನಂಬರ್ ಯಾವುದು, ತಂದೆಯ ಟಿಕೆಟ್ ಹಣ ವಿಮೆಯಿಂದ ಬರುತ್ತದಾ, ಬರದಿದ್ದರೆ ವಿಶ್ವವಿದ್ಯಾಲಯ ಕೊಡುತ್ತದಾ. ಮುಂದಿನ ಬ್ಯಾಚ್‌ನಿಂದ ನೀವು ಅರ್ಜಿಯಲ್ಲೇ ಒಂದು ಸಾಲು ಸೇರಿಸುತ್ತೀರಿ, ಮನೆಯಲ್ಲಿ ಕನಿಷ್ಠ ಒಬ್ಬರಿಗೆ ಪಾಸ್‌ಪೋರ್ಟ್ ಇದೆಯಾ ಎಂದು. ಯಾವ ಕೋರ್ಸೂ ನಿಮಗೆ ಇದನ್ನು ಹೇಳಿಕೊಡುವುದಿಲ್ಲ, ಏಕೆಂದರೆ ಆ ಕೋರ್ಸ್ ಬರೆದವರ ಊರಲ್ಲಿ ಈ ಸಮಸ್ಯೆ ಅಷ್ಟಾಗಿ ಇಲ್ಲ. ಸೆಮಿಸ್ಟರ್‌ಗೆ ಒಂದು ಸಲ ಹೀಗೆ ಕೂರಿ. ಪ್ರತಿ ಸಲ ಚೀಟಿ ಬೇರೆ ಇರಲಿ. ಒಂದರಲ್ಲಿ ಲೈಂಗಿಕ ದೌರ್ಜನ್ಯದ ದೂರು, ಇನ್ನೊಂದರಲ್ಲಿ ವಿದ್ಯಾರ್ಥಿಯನ್ನು ಪೊಲೀಸರು ಕರೆದೊಯ್ದ ಸುದ್ದಿ, ಮತ್ತೊಂದರಲ್ಲಿ ನಿಮ್ಮ ಕ್ಯಾಂಪಸ್ಸಿಗೆ ಬಂದ ಮಲೇಷ್ಯಾದ ಹುಡುಗನಿಗೆ ಡೆಂಗಿ. ಒಂದು ಸಲವಾದರೂ ಚೀಟಿ ಓದುವ ಕೆಲಸ ನೀವು ಮಾಡಿ, ತೀರ್ಮಾನದ ಕುರ್ಚಿಯಲ್ಲಿ ಕಿರಿಯರನ್ನು ಕೂರಿಸಿ. ನೀವು ವಿಮಾನದಲ್ಲಿರುವಾಗಲೇ ನಿಜವಾದ ಫೋನ್ ಬರಬಹುದು.

ಈ ಅಭ್ಯಾಸಕ್ಕೆ ಒಂದು ಚೌಕಟ್ಟು ಬೇಕೆಂದರೆ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ 2010ರಲ್ಲಿ ಹೊರತಂದ ಇನ್ಸಿಡೆಂಟ್ ರೆಸ್ಪಾನ್ಸ್ ಸಿಸ್ಟಮ್ ಮಾರ್ಗಸೂಚಿ ನೋಡಿ. ನೆರೆ, ಭೂಕಂಪಕ್ಕೆ ಬರೆದದ್ದು, ಆದರೆ ಒಳಗಿನ ತತ್ವ ನಿಮಗೂ ಹೊಂದುತ್ತದೆ: ಒಂದು ಘಟನೆಗೆ ಒಬ್ಬರೇ ಕಮಾಂಡರ್, ಉಳಿದವರಿಗೆ ಒಂದೊಂದು ಕೆಲಸ. ನಮ್ಮ ಸಂಸ್ಥೆಗಳಲ್ಲಿ ತುರ್ತು ಬಂದಾಗ ಐದು ಜನ ಒಂದೇ ಆಸ್ಪತ್ರೆಗೆ ಫೋನ್ ಮಾಡುತ್ತಾರೆ, ತಾಯಿಗೆ ಯಾರೂ ವಾಪಸ್ ಮಾಡುವುದಿಲ್ಲ. ಮನೆಯವರ ಕಡೆಯಿಂದಲೂ ಒಬ್ಬರನ್ನೇ ಗುರುತಿಸಿ ಎಂದು ಮೊದಲೇ ಕೇಳಿಕೊಳ್ಳಿ. 'ಪ್ರತಿ ಎರಡು ಗಂಟೆಗೊಮ್ಮೆ ನಾನೇ ಫೋನ್ ಮಾಡ್ತೀನಿ ಅಮ್ಮ, ಹೊಸ ಸುದ್ದಿ ಇಲ್ಲದಿದ್ದರೂ ಮಾಡ್ತೀನಿ' ಎಂದು ಹೇಳಿ, ಹಾಗೇ ಮಾಡಿ.

ಮನಸ್ಸಿನ ವಿಷಯಕ್ಕೆ ಸ್ವಲ್ಪ ಹೆಚ್ಚು ಹೊತ್ತು ಕೊಡಿ. ಚಳಿಗಾಲದಲ್ಲಿ ನಾಲ್ಕೂವರೆಗೆ ಕತ್ತಲಾಗುವ ಊರಲ್ಲಿ, ಭಾಷೆ ಬರದೆ, ಒಬ್ಬನೇ ಅಡುಗೆ ಮಾಡಿಕೊಂಡು, ಸಾಲ ಮಾಡಿ ಕಳಿಸಿದ ಅಪ್ಪನಿಗೆ 'ಚೆನ್ನಾಗಿದ್ದೀನಿ' ಎಂದು ದಿನಾ ಸುಳ್ಳು ಹೇಳುವ ಹುಡುಗನನ್ನು ಇಲ್ಲಿಂದಲೇ ಗುರುತಿಸುವುದು ಕಷ್ಟ. ಆದರೆ ಕಲಿಯಬಹುದು. ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಮಾನಸಿಕ ಪ್ರಥಮ ಚಿಕಿತ್ಸೆಯ ಕೈಪಿಡಿ ತಂದಿದೆ. ಗಮನಿಸು, ಕೇಳಿಸಿಕೊಳ್ಳು, ಸರಿಯಾದವರಿಗೆ ಜೋಡಿಸು ಎಂಬ ಮೂರು ಹೆಜ್ಜೆಯ ಮೇಲೆ ಅದು ನಿಂತಿದೆ. ಉಚಿತವಾಗಿ ಸಿಗುತ್ತದೆ. ಅದಕ್ಕಿಂತ ಮುಖ್ಯವಾಗಿ ನಿಮಗೆ ನಿಮ್ಹಾನ್ಸ್ ಮನೆ ಬಾಗಿಲಲ್ಲೇ ಇದೆ. ಆತ್ಮಹತ್ಯೆ ತಡೆಗೆ ಸಾಮಾನ್ಯ ಜನರಿಗೆ ಕೊಡುವ 'ಗೇಟ್‌ಕೀಪರ್' ತರಬೇತಿಯನ್ನು ಅವರು ನಡೆಸುತ್ತಾರೆ. ಮುಂದಿನದು ಯಾವಾಗ ಎಂದು ವಿಚಾರಿಸಿ, ಮೂವರೂ ಹೋಗಿ. ಸಾಯುವ ಯೋಚನೆ ಬರುತ್ತಿದೆಯಾ ಎಂದು ನೇರವಾಗಿ ಕೇಳಲು ನಮ್ಮ ನಾಲಿಗೆ ಏಳುವುದಿಲ್ಲ. ಅದಕ್ಕೆ ಅಭ್ಯಾಸ ಬೇಕು. ಕೇಳಿದರೆ ಯೋಚನೆ ತಲೆಗೆ ತುಂಬಿದಂತಾಗುತ್ತದೆ ಎಂಬ ಭಯಕ್ಕೆ ಆಧಾರ ಇಲ್ಲ. ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ 14416 ನಮ್ಮ ದೇಶದೊಳಗೆ ಇರುವವರಿಗೆ ಒಳ್ಳೆಯ ಸೇವೆ, ಹೊರದೇಶದಲ್ಲಿರುವವರಿಗೆ ಅಲ್ಲಿನ ಸಹಾಯವಾಣಿ, ಅಲ್ಲಿನ ವಿಶ್ವವಿದ್ಯಾಲಯದ ಸಮಾಲೋಚಕರ ನಂಬರ್ ಹೊರಡುವ ಮೊದಲೇ ಕೊಡಿ. ವಿಮೆಯಲ್ಲಿ ಮಾನಸಿಕ ಚಿಕಿತ್ಸೆ ಸೇರಿದೆಯಾ ಎಂದು ಪಾಲಿಸಿಯ 'ಇವುಗಳಿಗೆ ಅನ್ವಯಿಸುವುದಿಲ್ಲ' ಎಂಬ ಪುಟ ತೆಗೆದು ನೋಡಿ. ಕುಡಿದು ಆದ ಅಪಘಾತ, ಸಾಹಸ ಕ್ರೀಡೆ, ಮೊದಲೇ ಇದ್ದ ಕಾಯಿಲೆ ಸಾಮಾನ್ಯವಾಗಿ ಆ ಪುಟದಲ್ಲೇ ಅಡಗಿರುತ್ತವೆ.

ಪ್ರಥಮ ಚಿಕಿತ್ಸೆಗೆ ರೆಡ್‌ಕ್ರಾಸ್ ಅಥವಾ ಸೇಂಟ್ ಜಾನ್ ಆಂಬುಲೆನ್ಸ್ ತರಬೇತಿ ಸಾಕು. ಮಕ್ಕಳ ಜೊತೆ ಪ್ರವಾಸ ಹೋಗುವ ಪ್ರತಿ ಅಧ್ಯಾಪಕರಿಗೂ ಕಡ್ಡಾಯ ಮಾಡಿ.

ಇನ್ನು ನೀವು ಕೇಳಿದ ದೊಡ್ಡ ಕೋರ್ಸ್‌ಗಳು. ಅಮೆರಿಕದ ಫೋರಂ ಆನ್ ಎಜುಕೇಶನ್ ಅಬ್ರಾಡ್ ಈ ಕ್ಷೇತ್ರಕ್ಕೇ ಮಾನದಂಡ ಬರೆಯುವ ಸಂಸ್ಥೆ. ಅದರ ಮಾನದಂಡಗಳ ಆರನೇ ಆವೃತ್ತಿ 2020ರಲ್ಲಿ ಬಂತು. ಮೊದಲು ಅದನ್ನು ಓದಿ, ಆಮೇಲೆ ಅವರ ತರಬೇತಿಗೆ ಹಣ ಹಾಕಬೇಕಾ ನೋಡಿ. 1948ರಲ್ಲಿ ಶುರುವಾದ ನಾಫ್ಸಾ, ಅಂತಾರಾಷ್ಟ್ರೀಯ ಶಿಕ್ಷಣದಲ್ಲಿ ಕೆಲಸ ಮಾಡುವವರ ಸಂಘ, ಕೂಡ ಅಮೆರಿಕದ್ದೇ, ತುಂಬಾ ದೊಡ್ಡದು. ನಿಮ್ಮ ಮಕ್ಕಳು ಹೋಗುವುದು ಜರ್ಮನಿ, ಫ್ರಾನ್ಸ್‌ಗೆ ಜಾಸ್ತಿ ಆದ್ದರಿಂದ ಆಮ್‌ಸ್ಟರ್‌ಡಾಮ್‌ನಲ್ಲಿ ಕಚೇರಿ ಇರುವ ಯುರೋಪಿಯನ್ ಅಸೋಸಿಯೇಷನ್ ಫಾರ್ ಇಂಟರ್‌ನ್ಯಾಷನಲ್ ಎಜುಕೇಶನ್ ನಿಮಗೆ ಹೆಚ್ಚು ಹತ್ತಿರದ್ದು. ಅಲ್ಲಿ ಸಿಗುವ ಪಾಠಕ್ಕಿಂತ ಅಲ್ಲಿ ಸಿಗುವ ಜನ ಉಪಯೋಗಕ್ಕೆ ಬರುತ್ತಾರೆ. ನಿಮ್ಮ ಪಾಲುದಾರ ವಿಶ್ವವಿದ್ಯಾಲಯದ ಸಂಯೋಜಕಿಯ ಜೊತೆ ಒಂದು ಸಲ ಕಾಫಿ ಕುಡಿದಿದ್ದರೆ ಭಾನುವಾರ ರಾತ್ರಿ ಅವರು ನಿಮ್ಮ ಫೋನ್ ಎತ್ತುತ್ತಾರೆ. ಪ್ರವಾಸದ ಅಪಾಯ ನಿರ್ವಹಣೆಗೆ 2021ರ ಅಂತಾರಾಷ್ಟ್ರೀಯ ಮಾನದಂಡ ಐಎಸ್‌ಒ 31030 ಇದೆ, ಕ್ಷೇತ್ರಕಾರ್ಯಕ್ಕೆ ಬ್ರಿಟನ್ನಿನ ಮಾನದಂಡ ಬಿಎಸ್ 8848 ಇದೆ. ಇವು ಓದಿಕೊಳ್ಳುವ ದಾಖಲೆಗಳು, ಗೋಡೆಗೆ ಹಾಕುವ ಸರ್ಟಿಫಿಕೇಟ್ ಅಲ್ಲ. ಸಾಮಾನ್ಯ 'ಲೀಡರ್‌ಶಿಪ್' ಹೆಸರಿನ ಎರಡು ದಿನದ ಹೋಟೆಲ್ ಕಾರ್ಯಾಗಾರಗಳಿಗೆ ನಾನಂತೂ ಹಣ ಹಾಕುವುದಿಲ್ಲ.

ಕಿರಿಯರ ಬಗ್ಗೆ ಕೇಳಿದ್ದೀರಿ. ಅವರನ್ನು ಬರೀ ಫೈಲ್ ಕೆಲಸಕ್ಕೆ ಇಟ್ಟುಕೊಳ್ಳಬೇಡಿ. ತುರ್ತು ಫೋನ್‌ಗೆ ಪ್ರತ್ಯೇಕ ಸಿಮ್ ತೆಗೆದುಕೊಳ್ಳಿ, ವಾರಕ್ಕೊಬ್ಬರಂತೆ ಸರದಿ ಮಾಡಿ. ರಾತ್ರಿ ಕರೆ ಬಂದವರಿಗೆ ಮರುದಿನ ಬೆಳಗ್ಗೆ ರಜೆ ಕೊಡಿ, ಅವರು ಕೇಳುವ ಮೊದಲೇ ಕೊಡಿ. ಪ್ರತಿ ವಿದ್ಯಾರ್ಥಿ ವಿದೇಶಾಂಗ ಸಚಿವಾಲಯದ ಮದದ್ ಪೋರ್ಟಲ್‌ನಲ್ಲಿ ನೋಂದಾಯಿಸಿದ್ದಾರಾ ಎಂದು ಪರಿಶೀಲಿಸುವುದು ಒಬ್ಬರ ಹೊಣೆ. ವೈದ್ಯಕೀಯ ಮಾಹಿತಿ ಮನೆಯವರಿಗೆ ಮತ್ತು ನಿಮಗೆ ಕೊಡಬಹುದು ಎಂಬ ಒಪ್ಪಿಗೆ ಪತ್ರ ಪಡೆದು ಪಾಲುದಾರ ಸಂಸ್ಥೆಗೆ ಕಳಿಸುವುದು ಇನ್ನೊಬ್ಬರ ಹೊಣೆ. ಸಣ್ಣ ಘಟನೆಗಳನ್ನೂ ಬರೆದಿಡಿ. ರೈಲು ತಪ್ಪಿ ರಾತ್ರಿ ನಿಲ್ದಾಣದಲ್ಲಿ ಕಳೆದದ್ದು, ಪಾಸ್‌ಪೋರ್ಟ್ ಕಳೆದು ಸಿಕ್ಕಿದ್ದು, ಯಾರೋ ಹಿಂಬಾಲಿಸಿದ್ದು. ಏನೂ ಆಗಲಿಲ್ಲವಲ್ಲ ಎಂದು ಬಿಟ್ಟುಬಿಡುತ್ತೇವೆ, ಅದೇ ಜಾಗದಲ್ಲಿ ಮುಂದಿನ ವರ್ಷ ಏನಾದರೂ ಆಗುತ್ತದೆ. ಬರೆದವರನ್ನು ಬೈಯುವವರಿದ್ದರೆ ಯಾರೂ ಬರೆಯುವುದಿಲ್ಲ, ಇದು ನಿಮ್ಮ ಕೈಯಲ್ಲಿದೆ. ಅಮೆರಿಕದ ಮಿನೆಸೋಟಾ ರಾಜ್ಯ 2014ರಲ್ಲಿ ಕಾನೂನನ್ನೇ ಮಾಡಿ, ವಿದೇಶದಲ್ಲಿ ಓದುವಾಗ ಆದ ಸಾವು ಮತ್ತು ಆಸ್ಪತ್ರೆ ದಾಖಲಾತಿಗಳ ವರದಿಯನ್ನು ಕಾಲೇಜುಗಳಿಂದ ಕೇಳಿತು. ನಮ್ಮಲ್ಲಿಯೂ ಅಂಥದ್ದು ಬರಲಿ ಎಂದು ನನಗೆ ಆಸೆ ಇದೆ. ಅಲ್ಲಿಯವರೆಗೆ ನಿಮ್ಮದೇ ಒಂದು ರಿಜಿಸ್ಟರ್ ಇರಲಿ.

ಹಣದ ಲೆಕ್ಕ ಕೇಳಿದರೆ ನಿರ್ದೇಶಕರಿಗೆ ಹೀಗೆ ಹೇಳಿ. ಈ ವರ್ಷ ನಿಮ್ಹಾನ್ಸ್ ತರಬೇತಿ, ಪ್ರಥಮ ಚಿಕಿತ್ಸೆ, ತುರ್ತು ಸಿಮ್, ಎರಡು ಟೇಬಲ್‌ಟಾಪ್. ಮುಂದಿನ ವರ್ಷ ಯುರೋಪಿನ ಒಂದು ತರಬೇತಿ, ಅದಕ್ಕೆ ನೀವೊಬ್ಬರೇ ಹೋಗದೆ ಕಿರಿಯರಲ್ಲಿ ಒಬ್ಬರನ್ನೂ ಕರೆದುಕೊಂಡು. ಆ ಒಂದು ಪುಟದ ಆದೇಶದ ಕರಡು ಸಿದ್ಧವಾದ ಮೇಲೆ ಮೊದಲು ಹಣಕಾಸು ಅಧಿಕಾರಿಗೆ ತೋರಿಸಿ. ಸಾಮಾನ್ಯವಾಗಿ ತಕರಾರು ಬರುವುದು ಕೇಳದೆ ಖರ್ಚು ಮಾಡುವ ಮೊತ್ತದ ಸಾಲಿಗೆ. ಒಂದು ಯುರೋಪ್ ಟಿಕೆಟ್, ಒಂದು ವಾರದ ವಸತಿ, ಆಸ್ಪತ್ರೆಯ ಮುಂಗಡ, ಇಷ್ಟಕ್ಕಾದರೂ ಸಾಲುವಂತೆ ಕೇಳಿ, ಅದಕ್ಕಿಂತ ಕಡಿಮೆಗೆ ಒಪ್ಪಬೇಡಿ.